ನಮ್ಮ ಸೀಮೆಯ ಚರಿತ್ರೆ ಬರೆದವರಿಗೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಚರಿತ್ರೆಯನ್ನು ಯಾವ ಪುಸ್ತಕದಲ್ಲಿ ಓದಿದರೂ ಒಂದೇ ಪಾಠ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ೧೮೦೭ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರ ಜಾಗೀರಾಯಿತು. ೧೯೫೬ರಲ್ಲಿ ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಹನೂರೂ ತಾಲ್ಲೂಕಾಯಿತು.

ಇದರಲ್ಲಿ ಸುಳ್ಳೇನಿಲ್ಲ. ಆದರೆ ಇದು ಚರಿತ್ರೆಯಲ್ಲ, ಕ್ರಯಪತ್ರ. ಕ್ರಯಪತ್ರದಲ್ಲಿ ಚಕ್ಕುಬಂದಿ ಇರುತ್ತೆ, ಕೊಟ್ಟವನ ಹೆಸರು, ತಗೊಂಡವನ ಹೆಸರು ಇರುತ್ತೆ. ಗೇಯ್ದವನ ಹೆಸರು ಇರಲ್ಲ.

ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ೧೮೦೦ರಲ್ಲಿ ಸತ್ತೇಗಾಲ, ಹನೂರು, ಕೌದಳ್ಳಿ ದಾರಿಯಲ್ಲಿ ಹಾದುಹೋದ. ಮಣ್ಣು, ಕೆರೆ, ಬೆಳೆ, ಜಾತಿ ಎಲ್ಲವನ್ನೂ ಬರೆದುಕೊಂಡ. ಹೊಸ ಧಣಿಗೆ ಲೆಕ್ಕ ಬೇಕಿತ್ತು. ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದೂ ಯಳಂದೂರು ಜಾಗೀರಾದ ೧೮೦೭ರಲ್ಲೇ. ಅವತ್ತಿನಿಂದ ನಮ್ಮ ಪಂಡಿತರು ಆ ಧಣಿಯ ಕಣ್ಣನ್ನೇ ಸಾಲ ತಗೊಂಡು ನಮ್ಮನ್ನು ನೋಡುತ್ತಿದ್ದಾರೆ. ಯಳಂದೂರು, ಕೊಳ್ಳೇಗಾಲ ಎರಡಕ್ಕೂ ಸುವರ್ಣಾವತಿ ಒಂದೇ ಹೊಳೆ. ಅತ್ತ ಜಾಗೀರುದಾರನಿಗೆ, ಇತ್ತ ಕಲೆಕ್ಟರಿಗೆ ಕಂದಾಯ ಹೋಯ್ತು. ಕೆಸರಿಗಿಳಿದ ಕಾಲು ಎರಡು ಕಡೆಗೂ ಕೇರಿಯದೇ.

ಸ್ವಾತಂತ್ರ್ಯ ಬಂದಮೇಲೇನಾಯ್ತು ಅಂತ ಕೇಳಬಹುದು. ೧೯೭೪ ಒಂದೇ ವರ್ಷ ನೋಡಿ. ಉಳುವವನೇ ಹೊಲದೊಡೆಯ ಎಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು ಆ ವರ್ಷ. ಅದು ಗೇಣಿದಾರನಿಗೆ ದಕ್ಕಿತು. ಗೇಣಿಯೂ ಇಲ್ಲದೆ ಜೀತಕ್ಕಿದ್ದವನಿಗೆ ದಕ್ಕಲಿಲ್ಲ. ಬಿಳಿಗಿರಿರಂಗನ ಬೆಟ್ಟವನ್ನು ವನ್ಯಧಾಮ ಎಂದು ಸಾರಿದ್ದೂ ಅದೇ ವರ್ಷ. ಸೋಲಿಗರ ಬೇಸಾಯ ನಿಂತಿತು, ಪೋಡುಗಳನ್ನು ಎಬ್ಬಿಸಿದರು. ಬಯಲಲ್ಲಿ ಉಳುವವನನ್ನು ಒಡೆಯ ಎಂದ ಸರ್ಕಾರ ಕಾಡಲ್ಲಿ ಉಳುವವನನ್ನು ಅತಿಕ್ರಮಣಕಾರ ಅಂತು. ೨೦೧೧ರಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರು ೨೦೦೬ರ ಕಾಯ್ದೆಯಡಿ ಸಮುದಾಯ ಅರಣ್ಯ ಹಕ್ಕನ್ನು ಪಡೆದರು. ನಮ್ಮ ಮಟ್ಟಿಗೆ ೧೯೫೬ಕ್ಕಿಂತ ಇದು ದೊಡ್ಡ ತೇದಿ. ಯಾವ ಪಠ್ಯದಲ್ಲಿದೆ?

ಗೇಯ್ದವನು ಎಲ್ಲಿ ಎಂಬ ಪ್ರಶ್ನೆ ನಾವೇ ಮೊದಲು ಕೇಳಿದ್ದಲ್ಲ. ಚಿಕ್ಕಲ್ಲೂರಿನಲ್ಲಿ ನೀಲಗಾರರು ತಂಬೂರಿ ಹಿಡಿದು ಕೇಳುತ್ತಲೇ ಬಂದವ್ರೆ. ಮಂಟೇಸ್ವಾಮಿ ಹೊಲಸು ಮೈಯಲ್ಲಿ ಕಲ್ಯಾಣದ ಬಾಗಿಲಿಗೆ ಬಂದಾಗ ಸಮಾನತೆ ಮಾತಾಡುತ್ತಿದ್ದ ಶರಣರೇ ಮೂಗು ಮುಚ್ಚಿಕೊಂಡರು. ಮಾದಪ್ಪನ ಕಾವ್ಯದಲ್ಲಿ ದೇವಾನುದೇವತೆಗಳನ್ನು ಸೆರೆಗೆ ಹಾಕಿದ ಶ್ರವಣ ದೊರೆ ಸತ್ತದ್ದು ಹರಳಯ್ಯ ಮಾಡಿಕೊಟ್ಟ ಅರಗಿನ ಮೆಟ್ಟಿನಿಂದ. ಪಿ.ಕೆ. ರಾಜಶೇಖರ ೧೯೭೩ರಲ್ಲಿ ‘ಮಲೆಯ ಮಾದೇಶ್ವರ’ವನ್ನು ಅಚ್ಚಿಗೆ ತಂದರು, ಆ ಶ್ರಮಕ್ಕೆ ನಾವು ಋಣಿಗಳು. ಆದರೆ ವಿಶ್ವವಿದ್ಯಾಲಯಗಳು ಇವನ್ನು ಜಾನಪದ ಎಂಬ ಬೀರುವಿನಲ್ಲಿಟ್ಟು ಬೀಗ ಹಾಕಿದವು. ದಿವಾನರ ಸನ್ನದು ಚರಿತ್ರೆ, ನೀಲಗಾರನ ಪದ ಮನರಂಜನೆ!

ಹಾಗಂತ ಕಾವ್ಯದಲ್ಲೇ ನಾವು ಗೆದ್ದೆವು ಎಂದು ಕುಣಿಯುವ ಗೆಳೆಯರ ಮಾತನ್ನೂ ನಾವು ಒಪ್ಪಲ್ಲ. ದೊರೆಯನ್ನು ಸುಟ್ಟದ್ದು ಹರಳಯ್ಯನ ಕೈಕೆಲಸ. ಬೆಟ್ಟ ಅವನ ಹೆಸರಿಗಾಗಲಿಲ್ಲ. ಸೋಲಿಗರ ಸಂಕಮ್ಮನಿಂದ ಬಲಗೈ ಭಾಷೆ ಕೇಳಿ ಹಿಂಸೆ ಕೊಟ್ಟವನು ದೊರೆಯಲ್ಲ, ಅವಳ ಗಂಡ ನೀಲೇಗೌಡನೇ. ಈ ನೋವನ್ನು ಮುಚ್ಚಿಟ್ಟು ಕಾವ್ಯವನ್ನು ಬರೀ ಘೋಷಣೆ ಮಾಡಿದರೆ ನಾವೂ ಇನ್ನೊಂದು ಕ್ರಯಪತ್ರ ಬರೆದಂತೆ. ಹಾಡಿಕೆಯನ್ನು ಪಹಣಿಯ ಪಕ್ಕದಲ್ಲಿಟ್ಟು, ಜೀತದ ಸಾಲದ ಪಕ್ಕದಲ್ಲಿಟ್ಟು ಓದಬೇಕು. ಒಂದು ಮುಚ್ಚಿದ್ದನ್ನು ಇನ್ನೊಂದು ಬಾಯಿಬಿಡಿಸುತ್ತದೆ.

ಕೊಳ್ಳೇಗಾಲ ಯಾವಾಗ ಮದರಾಸಿಗೆ ಸೇರಿತ್ತು, ಯಾವಾಗ ಮೈಸೂರಿಗೆ ಸೇರಿತು ಅನ್ನೋದು ನಮಗೂ ಗೊತ್ತು ಸ್ವಾಮಿ. ಅಷ್ಟೂ ವರ್ಷ ಅಲ್ಲಿನ ಕೇರಿ ಯಾರ ಜಮೀನಿನಲ್ಲಿ ಗೇಯ್ದು ಏನು ಉಂಡಿತು? ಅದನ್ನ ಬರೀರಿ. ನೀವು ಬರೀದಿದ್ರೆ ನಾವು ಬರೀತೀವಿ.