ಸಿಂಕಿನೊಳಗಿನ ಬಣ್ಣ

ಸ್ಟೀಲಿಗೆ ತನ್ನದೆನ್ನುವ ಬಣ್ಣ ಕಡಿಮೆ. ಎದುರಿಗೆ ಏನು ಬಂದರೆ ಅದರ ಬಣ್ಣ ಹೊದ್ದುಕೊಳ್ಳುತ್ತದೆ. ಅಮೆರಿಕದ ಛಾಯಾಗ್ರಾಹಕಿ ಜ್ಯಾನ್ ಗ್ರೂವರ್ 1978ರ ಸುಮಾರಿಗೆ ಅಡುಗೆಮನೆಯ ಸಿಂಕಿನಲ್ಲಿ ತೆಗೆದ ಚಿತ್ರಗಳು ನಿಂತಿರುವುದೇ ಈ ಗುಣದ ಮೇಲೆ.

ಫೋರ್ಕು, ಚಾಕು, ಚಮಚ, ತಟ್ಟೆ, ಕೇಕಿನ ಅಚ್ಚು, ಒಂದೆರಡು ಎಲೆ, ಒಂದು ದಪ್ಪಮೆಣಸಿನಕಾಯಿ. ಸಾಮಗ್ರಿ ಇಷ್ಟೇ. ಆದರೆ ಹೆಚ್ಚಿನವು ಪೂರ್ತಿ ಕಾಣುವುದಿಲ್ಲ. ಚಾಕುವಿನ ಹಿಡಿ ಚೌಕಟ್ಟಿನಾಚೆ ಹೋಗಿದೆ, ತಟ್ಟೆಯ ಅಂಚು ಅರ್ಧಕ್ಕೇ ತುಂಡಾಗಿದೆ. ಫೋರ್ಕಿನ ಹಲ್ಲುಗಳ ಪಕ್ಕ ಅವುಗಳದೇ ಪ್ರತಿಬಿಂಬದ ಗೆರೆಗಳು. ಯಾವುದು ಲೋಹ, ಯಾವುದು ಬರೀ ಬೆಳಕು ಎಂದು ಬಿಡಿಸಿಕೊಳ್ಳಲು ಕಣ್ಣು ತಡಕಾಡುತ್ತದೆ. ಚಿತ್ರಕಲೆ ಕಲಿತು ಬಂದವರು ಗ್ರೂವರ್. ವಸ್ತುಗಳ ನಡುವೆ ಉಳಿಯುವ ಖಾಲಿ ಜಾಗಕ್ಕೂ ವಸ್ತುವಿನಷ್ಟೇ ತೂಕ ಕೊಡುವುದು ಅಲ್ಲಿಂದ ಬಂದಿರಬೇಕು.

ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ತಗಡಿನ ಆಲಿಕೆಯೊಳಗೆ ದಪ್ಪಮೆಣಸಿನಕಾಯಿಯೊಂದನ್ನಿಟ್ಟು ಕಪ್ಪು-ಬಿಳುಪಿನಲ್ಲಿ ತೆಗೆದ ಚಿತ್ರ ಜಗತ್ಪ್ರಸಿದ್ಧ. ಅದನ್ನು ನೋಡಿದರೆ ಬೆನ್ನು, ಭುಜ, ತೋಳು ನೆನಪಾಗುತ್ತವೆ. ಗ್ರೂವರ್ ಅವರ ಮೆಣಸಿನಕಾಯಿ ಏನನ್ನೂ ನೆನಪಿಸುವುದಿಲ್ಲ. ಅದು ಬರೀ ಒಂದು ಹಸಿರು. ಚಮಚದ ಕುಳಿಗೆ ಇಳಿದು ತಲೆಕೆಳಗಾಗುವ, ಚಾಕುವಿನ ಅಲಗಿನ ಮೇಲೆ ಪಟ್ಟಿಯಾಗಿ ಹರಿಯುವ ಹಸಿರು. ಅಲಗನ್ನು ಚೂರು ತಿರುಗಿಸಿದರೆ ಆ ಪಟ್ಟಿ ಮಾಯ, ಅಲ್ಲಿಗೆ ಗೋಡೆಯ ಬಣ್ಣ ಬಂದು ಕೂರುತ್ತದೆ. ಹಾಗಾಗಿ ಇಲ್ಲಿ ಸಂಯೋಜನೆ ಮುಗಿಸಿ ಆಮೇಲೆ ಬಣ್ಣದ ಬಗ್ಗೆ ಯೋಚಿಸುವಂತಿಲ್ಲ. ಚಮಚ ಸರಿಸುವುದೆಂದರೇ ಬಣ್ಣ ಬಳಿಯುವುದು. ನನಗೆ ವೆಸ್ಟನ್‌ಗಿಂತ ಇವರೇ ಹೆಚ್ಚು ಇಷ್ಟ. ಜಗಳಕ್ಕೆ ಬರುವವರು ಬರಲಿ.

ಗ್ರೂವರ್ ಈ ಚಿತ್ರಗಳನ್ನು ತೆಗೆದದ್ದು, ಬಣ್ಣದ ಛಾಯಾಚಿತ್ರವೆಂದರೆ ಜಾಹೀರಾತಿಗೆ, ಮನೆಯ ಆಲ್ಬಮ್ಮಿಗೆ ಎಂದು ಕಲಾವಲಯದ ಹಲವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ ಅವರ ಬಣ್ಣದ ಚಿತ್ರಗಳನ್ನು ಪ್ರದರ್ಶಿಸಿದಾಗ ವಿಮರ್ಶಕರು ಚೆನ್ನಾಗಿಯೇ ಝಾಡಿಸಿದ್ದರು.

ನಮ್ಮಲ್ಲಿ ಹೀಗೆ ವಸ್ತುಗಳನ್ನು ಜೋಡಿಸಿಟ್ಟು ತೆಗೆಯುವ ಸ್ಥಿರಚಿತ್ರವೆಂದರೆ ಹಿತ್ತಾಳೆ ದೀಪ, ವೀಳ್ಯದೆಲೆ, ಒಂದು ಮೊಳ ಮಲ್ಲಿಗೆ. ಚೆಂದವೇ, ಆದರೆ ಅರ್ಧ ಕೆಲಸವನ್ನು ಭಕ್ತಿಯೇ ಮಾಡಿಕೊಟ್ಟಿರುತ್ತದೆ. ಸ್ಟೀಲ್ ಪಾತ್ರೆಗೆ ಬರವಿಲ್ಲದ ನಮ್ಮ ಅಡುಗೆಮನೆಗಳಲ್ಲಿ ಸೌಟು, ಜಾಲರಿ, ಇಡ್ಲಿ ತಟ್ಟೆಗಳನ್ನು ಯಾರೂ ಹೀಗೆ ನೋಡುವುದಿಲ್ಲವಲ್ಲ! ನೋಡಬೇಕೆನಿಸಿದರೆ ಮೊದಲು ಟ್ಯೂಬ್‌ಲೈಟ್ ಆರಿಸಿ. ಕಿಟಕಿಯ ಬೆಳಕಿನೊಂದಿಗೆ ಅದು ಬೆರೆತರೆ ಲೋಹದ ಮೇಲೆ ಕೊಳಕು ಛಾಯೆ ಕೂರುತ್ತದೆ. ಇಡ್ಲಿ ತಟ್ಟೆಯ ಕುಳಿಗಳೆದುರು ಬಾಳೆಲೆಯ ತುಂಡೊಂದನ್ನು ಓರೆಯಾಗಿ ಹಿಡಿಯಿರಿ. ತಟ್ಟೆಯನ್ನು ಮಾತ್ರ ಚೆನ್ನಾಗಿ ಒರೆಸಿರಬೇಕು, ಬೆರಳಚ್ಚನ್ನು ಕ್ಯಾಮೆರಾ ಎಂದೂ ಕ್ಷಮಿಸುವುದಿಲ್ಲ.