ವಾಗ್ದತ್ತ ಭೂಮಿಯ ಕಲ್ಪನೆ ಮತ್ತು ಬೀದರ ನೆಲದ ಓದು

ಇಸ್ರಾಯೇಲ್ಯರ ವಾಗ್ದತ್ತ ಭೂಮಿಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಅಬ್ರಹಾಮನಿಗೆ ದೇವರು ಕೊಟ್ಟ ಮಾತಿನಿಂದ ಆರಂಭವಾಗಿ ಯೆಹೋಶುವನ ದಿಗ್ವಿಜಯದಲ್ಲಿ ಮುಗಿಯುತ್ತದೆ. ನಡುವೆ ಬರುವ ಒಂದು ಸಣ್ಣ ಸಂಗತಿ ಹೆಚ್ಚು ಗಮನಕ್ಕೆ ಬಾರದೆ ಉಳಿಯುತ್ತದೆ. ಕಾನಾನ್ ದೇಶವನ್ನೆಲ್ಲ ಸಂತತಿಗೆ ಕೊಡುವ ವಾಗ್ದಾನ ಪಡೆದ ಅಬ್ರಹಾಮನು ಅಲ್ಲಿ ಕ್ರಯಕ್ಕೆ ಪಡೆದದ್ದು ಹೆಂಡತಿ ಸಾರಳನ್ನು ಹೂಳಲು ಬೇಕಾದ ಮಕ್ಪೇಲದ ಗವಿಯನ್ನೂ ಅದಕ್ಕೆ ಸೇರಿದ ಹೊಲವನ್ನೂ ಮಾತ್ರ. ಬೆಲೆ 400 ಶೆಕೆಲ್ ಬೆಳ್ಳಿ. ಮಾತಿಗೂ ಹಿಡುವಳಿಗೂ ನಡುವಣ ಈ ಅಂತರ ಬೀದರ, ಭಾಲ್ಕಿ, ಔರಾದಗಳ ದಲಿತ ಕ್ರೈಸ್ತ ಓದುಗನಿಗೆ ವ್ಯಾಖ್ಯಾನದ ನೆರವಿಲ್ಲದೆ ತಿಳಿಯುವಂಥದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಶನ್ ಇಲ್ಲಿಗೆ ಬಂದಾಗ ಬೀದರ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಬಹಳಷ್ಟು ಭೂಮಿ ಜಾಗೀರು, ಪಾಯಗಾ ಒಡೆತನಕ್ಕೆ ಸೇರಿತ್ತು. ದೀಕ್ಷಾಸ್ನಾನ ಪಡೆದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳವರು. ಉಳುವುದು ಅವರ ಕೆಲಸ, ಹೊಲ ಅವರದಲ್ಲ. ಸಾಲಕ್ಕೆ ದುಡಿಮೆಯನ್ನೇ ಒತ್ತೆಯಿಡುವ ಭಗೇಲಾ ಪದ್ಧತಿಯನ್ನು ಹತೋಟಿಗೆ ತರಲು ಹೈದರಾಬಾದ್ ರಾಜ್ಯದಲ್ಲಿ 1936ರಲ್ಲಿ ನಿಯಮವೊಂದು ಬರಬೇಕಾಯಿತು. ಇಂಥವರ ಕಿವಿಗೆ ಐಗುಪ್ತದ ಬಿಟ್ಟಿ ದುಡಿಮೆಯ ಕಥೆ ಪರದೇಶದ ಪುರಾಣವಾಗಿ ಕೇಳಿಸಿರಲಾರದು.

ಈ ಕಥೆಯನ್ನು ದಲಿತ ನೆಲೆಯಿಂದ ಓದಿದವರಲ್ಲಿ ಅರವಿಂದ ಪಿ. ನಿರ್ಮಲ್ ಪ್ರಮುಖರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸದಿಂದ ಆರಂಭವಾದ ಅವರ ಚಿಂತನೆ ಮುಂದೆ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ದಲಿತ ದೇವತಾಶಾಸ್ತ್ರದ ಆಧಾರವಾಗಿ ಹಿಡಿಯಿತು. ಅಲೆಮಾರಿ ಪೂರ್ವಜನ ನೆನಪು, ದಾಸ್ಯ, ಬಿಡುಗಡೆ ಇವೇ ಅವರಿಗೆ ಮುಖ್ಯ. ಹಾಲು ಜೇನಿನ ನಾಡು ಬಿಡುಗಡೆಯ ಫಲವೇ ಹೊರತು ಗುರಿಯಲ್ಲ. ಮನುಷ್ಯರೆಂಬ ಘನತೆಯೇ ಮೊದಲಿನದು ಎಂಬುದು ಅವರ ನಿಲುವು. ಮತಾಂತರಕ್ಕೆ ಭೌತಿಕ ಲಾಭವೇ ಕಾರಣವೆಂಬ ಆಕ್ಷೇಪಕ್ಕೆ ಇದು ಸಮರ್ಥ ಉತ್ತರ. ಆದರೆ ಅದೇ ಅಧ್ಯಾಯದ ಸನ್ನಿವೇಶಕ್ಕೆ ಈ ಓದು ನ್ಯಾಯ ಒದಗಿಸುವುದಿಲ್ಲ.

ಆ ನಿವೇದನೆಯನ್ನು ಹೇಳುವವನು ಬರಿಗೈಯಲ್ಲಿ ಬಂದವನಲ್ಲ, ರೈತ. ತನ್ನ ಭೂಮಿಯ ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ಯಾಜಕನ ಮುಂದೆ ತಂದು, ಆಮೇಲೆ ತನ್ನ ಪೂರ್ವಜರ ದಾಸ್ಯವನ್ನು ನೆನೆಯುತ್ತಾನೆ. ಬುಟ್ಟಿಯನ್ನು ತೆಗೆದರೆ ನೆನಪಿಗೆ ಹೇಳಿಕೊಳ್ಳುವ ಸಂದರ್ಭವೇ ಇರುವುದಿಲ್ಲ. ನೆಲದ ಪಾಲಿಲ್ಲದ ಲೇವಿಯರಿಗೂ ನಡುವೆ ವಾಸಿಸುವ ಪರದೇಶಿಗೂ ಆ ಸಂತೋಷದಲ್ಲಿ ಭಾಗವುಂಟೆಂದು ಅಧ್ಯಾಯವೇ ವಿಧಿಸುತ್ತದೆ. ಯಾಜಕಕಾಂಡದ 25ನೆಯ ಅಧ್ಯಾಯವಂತೂ ಭೂಮಿ ದೇವರದು, ಜನರು ಅಲ್ಲಿ ಬಿಡಾರ ಮಾಡಿದವರೆಂಬ ಕಾರಣಕ್ಕೆ ಶಾಶ್ವತ ಮಾರಾಟವನ್ನು ನಿಷೇಧಿಸುತ್ತದೆ. ಹೀಗೆ ನೆಲವು ಘನತೆಗೆ ಹೊರಗಿನದಾಗಿ ಉಳಿಯದೆ ಘನತೆ ನೆಲೆಗೊಳ್ಳುವ ಸ್ಥಳವಾಗುತ್ತದೆ.

ಕಾನಾನ್ಯರ ಪ್ರಶ್ನೆಯನ್ನು ಇಲ್ಲಿ ಬಿಡಲಾಗದು. ಮೊದಲಿನ ನಿವಾಸಿಗಳನ್ನು ಒಕ್ಕಲೆಬ್ಬಿಸುವ ಕಥನ ದಲಿತ ಓದಿಗೆ ಒಗ್ಗುವುದು ಹೇಗೆ? 1952ರಿಂದ 1958ರವರೆಗೆ ಕ್ಯಾಥಲೀನ್ ಕೆನ್ಯನ್ ನಡೆಸಿದ ಯೆರಿಕೋ ಉತ್ಖನನದಲ್ಲಿ, ಯೆಹೋಶುವನಿಗೆ ಸಾಮಾನ್ಯವಾಗಿ ಹೇಳುವ ಕಾಲಕ್ಕೆ ಅಲ್ಲಿ ಕೋಟೆಗೋಡೆಯಿದ್ದ ಕುರುಹು ದೊರೆಯಲಿಲ್ಲ. ಇಸ್ರಾಯೇಲ್ ಹೆಸರನ್ನು ಸ್ಪಷ್ಟವಾಗಿ ಹೇಳುವ ಅತಿ ಹಳೆಯ ಶಾಸನ ಐಗುಪ್ತದ ಮೆರ್ನೆಪ್ತಾನದು, ಕ್ರಿ.ಪೂ. ಹದಿಮೂರನೆಯ ಶತಮಾನದ ಕೊನೆಗೆ ಸೇರಿದ ಅದರಲ್ಲಿ ಇಸ್ರಾಯೇಲ್ ಎಂಬುದು ನಾಡಾಗಿರದೆ ಒಂದು ಜನವಾಗಿ ಬರುತ್ತದೆ. ಇಸ್ರಾಯೇಲ್ಯರಲ್ಲಿ ಬಹುಪಾಲು ಜನ ನಗರದೊರೆಗಳ ವಿರುದ್ಧ ತಿರುಗಿಬಿದ್ದ ಕಾನಾನಿನ ರೈತರೇ ಎಂದು 1979ರಲ್ಲಿ ನಾರ್ಮನ್ ಗಾಟ್‌ವಾಲ್ಡ್ ವಾದಿಸಿದರು. ಈ ವಾದ ವಿವಾದಾಸ್ಪದವಾದರೂ ಜಾಗೀರುಗಳನ್ನು ಕಂಡ ನಾಡಿಗೆ ವಿಜಯಗಾಥೆಗಿಂತ ಸಮೀಪದ್ದು.

ಬೀದರದಲ್ಲಿ ಜಾಗೀರುಗಳು 1949ರಲ್ಲಿ ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಕಾನೂನೂ 1974ರಲ್ಲಿ ಕರ್ನಾಟಕ ಭೂಸುಧಾರಣೆಯ ತಿದ್ದುಪಡಿಯೂ ಬಂದವು. ಇವು ಮುಖ್ಯವಾಗಿ ಗೇಣಿದಾರನನ್ನು ಕಂಡವು, ಕೂಲಿಯವನನ್ನಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯಲು 1978ರ ಕಾನೂನು ಬಂದಿತು. ಆದರೆ 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಧರ್ಮಕ್ಕೆ ಕಟ್ಟಿಹಾಕಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ನಿರ್ಮಲ್ ಅವರ ಅರ್ಥದ ಬಿಡುಗಡೆಯನ್ನು ಪಡೆದವನೇ ಈ ನೆಲದ ರಕ್ಷಣೆಯಿಂದ ಹೊರಗುಳಿದನು. ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಭೆಗಳಲ್ಲಿ ರೂಢಿಯಲ್ಲಿರುವ ಸುಗ್ಗಿಯ ಕಾಣಿಕೆಗೆ ಅಂಥವನು ತರುವ ಜೋಳ ತೊಗರಿ ಹೆಚ್ಚಾಗಿ ಪರರ ಹೊಲದ ಕೂಲಿಯಿಂದ ಬಂದದ್ದು.