ಐಚ್ಛಿಕ ವಿಭಾಗಕ್ಕೆ ಸರಿದ ಅಹಿಂಸೆ

ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯು 2021ರ ಮೇ ತಿಂಗಳಿನಲ್ಲಿ ದೊಡ್ಡ ಕಂಪನಿಗಳಿಗೆ ಗೊತ್ತುಮಾಡಿದ ವಾಣಿಜ್ಯ ಹೊಣೆಗಾರಿಕೆಯ ವರದಿ ನಮೂನೆಯನ್ನು ಶ್ರಾವಕಾಚಾರದ ಬೆಳಕಿನಲ್ಲಿ ಓದಿದವರಿಗೆ ಅದರ ಕೊರತೆ ಬೇಗನೆ ತಿಳಿಯುತ್ತದೆ. ಅದರ ಒಂಬತ್ತು ತತ್ತ್ವಗಳಲ್ಲಿ ಆರನೆಯದು ಪರಿಸರವನ್ನು ಕುರಿತದ್ದು. ವಿದ್ಯುತ್ತು, ನೀರು, ಹೊಗೆ, ತ್ಯಾಜ್ಯಗಳ ಲೆಕ್ಕ ಕಡ್ಡಾಯ. (ಬಿಲ್ಲುಗಳನ್ನು ಕೂಡಿಸುವುದು ಸುಲಭವೆಂದಿರಬೇಕು.) ಜೀವವೈವಿಧ್ಯಕ್ಕಾದ ಹಾನಿಯೂ ಸರಕು ಒದಗಿಸುವವರ ನಡತೆಯೂ ಐಚ್ಛಿಕ ವಿಭಾಗಕ್ಕೆ ಸರಿದಿವೆ. 2023ರಲ್ಲಿ ಸರಬರಾಜು ಸರಪಳಿಯ ವಿವರವನ್ನು ಮೊದಲ 250 ಕಂಪನಿಗಳಿಂದ ಕೇಳುವ ಕ್ರಮ ಬಂದಿತಾದರೂ 2025ರ ಮಾರ್ಚಿನಲ್ಲಿ ಅದೂ ಐಚ್ಛಿಕವಾಯಿತು.

ಜೈನಧರ್ಮದ ದೃಷ್ಟಿಯಲ್ಲಿ ಇದು ತಲೆಕೆಳಗಾದ ಕ್ರಮ. ಕೃತ, ಕಾರಿತ, ಅನುಮೋದಿತ, ಅಂದರೆ ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಸಮ್ಮತಿಸಿದ್ದು, ಈ ಮೂರರಿಂದಲೂ ಕರ್ಮಬಂಧವುಂಟು. ಹಾಗಿರುವಾಗ ಸರಕನ್ನು ಕೊಂಡವನು ಅಗೆದವನು ತಾನಲ್ಲವೆಂದು ನುಣುಚಿಕೊಳ್ಳಲು ಎಡೆಯಿಲ್ಲ. ನೆಲವನ್ನು ಒಡೆಯುವ ಸ್ಫೋಟಕರ್ಮವೂ ವಿಷವಾಣಿಜ್ಯವೂ ಶ್ರಾವಕರು ತೊರೆಯಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಸೇರಿವೆ.

ಇದು ಬರಿಯ ಶಾಸ್ತ್ರಚರ್ಚೆಯಲ್ಲವೆಂಬುದಕ್ಕೆ ಕೋಲಾರದ ಚಿನ್ನದ ಗಣಿಗಳನ್ನು ನೋಡಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿ, 1972ರಿಂದ ಸರ್ಕಾರಿ ಸ್ವಾಮ್ಯದ ಭಾರತ್ ಗೋಲ್ಡ್ ಮೈನ್ಸ್ ನಡೆಸಿದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಬಂಗಾರಪೇಟೆಯಿಂದ 1894ರಲ್ಲಿ ಹಾಕಿದ ರೈಲುದಾರಿ ಈ ಗಣಿಗಳಿಗಾಗಿಯೇ ಹುಟ್ಟಿದ್ದು. ಚಿನ್ನ ಹೊರಗೆ ಹೋಯಿತು. ಅದಿರನ್ನು ಅರೆದು ಸೈನೈಡಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಹುಡಿ 13 ದಿಬ್ಬಗಳಾಗಿ ಅಲ್ಲಿಯೇ ನಿಂತಿತು, ಸುಮಾರು 3.3 ಕೋಟಿ ಟನ್. ಗಾಳಿಗೆ ಅದು ಮನೆಗಳ ಮೇಲೂ ಹೊಲಗಳ ಮೇಲೂ ಹಾರುತ್ತದೆ, ಮಳೆಗೆ ಕೊಚ್ಚಿ ತಗ್ಗಿಗೆ ಇಳಿಯುತ್ತದೆ. ಗಣಿಯ ಪಾಳುನೆಲದಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ನಮೂನೆಯಾದರೋ ಜೀವವೈವಿಧ್ಯವನ್ನು ವಿಚಾರಿಸುವುದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮುಂತಾದ ಸೂಕ್ಷ್ಮ ಪ್ರದೇಶಗಳಲ್ಲಿ ಮಾತ್ರ. ಇಂಥ ನೆಲದ ಮೃಗ ಅದರ ಕಣ್ಣಿಗೆ ಬೀಳದು. ಪೃಥ್ವೀಕಾಯ, ಅಪ್ಕಾಯ ಜೀವಗಳ ಮಾತು ದೂರವೇ ಉಳಿಯಿತು. ವರದಿಯ ಅವಧಿ ಒಂದು ಆರ್ಥಿಕ ವರ್ಷ. ಗಣಿ ಮುಚ್ಚಿ ಎರಡು ದಶಕಗಳು ಕಳೆದ ಮೇಲೂ ದಿಬ್ಬಗಳು ಹಾಗೆಯೇ ಇವೆ.

2024ರ ಜೂನ್‌ನಲ್ಲಿ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆಯಿತ್ತಿತು. ಆ ಚಿನ್ನ ಎಂದಾದರೊಂದು ದಿನ ಬಸದಿಯ ಕಳಶಕ್ಕೂ ಬಂದೀತು. 2021ರಿಂದ ಹಾಲ್‌ಮಾರ್ಕಿನೊಡನೆ ಬರುತ್ತಿರುವ ಆರು ಅಕ್ಷರಾಂಕಗಳ ಗುರುತು ಒಡವೆಯ ಶುದ್ಧತೆಗೆ ಸಾಕ್ಷಿಯೇ ಹೊರತು ಚಿನ್ನ ಹುಟ್ಟಿದ ಗಣಿಯನ್ನು ತಿಳಿಸದು. ಚಿನ್ನ ಯಾವ ಗಣಿಯದು, ಅಲ್ಲಿಯ ಹುಡಿಯನ್ನು ಏನು ಮಾಡಿದ್ದಾರೆ ಎಂದು ಖರೀದಿಗೆ ಮುನ್ನ ವ್ಯಾಪಾರಿಯನ್ನು ಬರಹದಲ್ಲಿ ಕೇಳುವ ನಿಯಮವನ್ನು ಟ್ರಸ್ಟುಗಳು ತಮ್ಮ ಮುಂದಿನ ಸಭೆಯಲ್ಲಿಯೇ ಮಾಡಿಕೊಳ್ಳಬಹುದು.